ದೂರ ಕೂತವರ ಕೆಲಸ

2005ರ ಜೂನ್ 6. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಪಲ್ ಕಂಪನಿಯ ಡೆವಲಪರ್ ಸಮ್ಮೇಳನ. ಸ್ಟೀವ್ ಜಾಬ್ಸ್ ವೇದಿಕೆಗೆ ಬಂದು, ಮ್ಯಾಕ್ ಕಂಪ್ಯೂಟರುಗಳು ಇನ್ನು ಮುಂದೆ ಪವರ್‌ಪಿಸಿ ಪ್ರೊಸೆಸರ್ ಬಿಟ್ಟು ಇಂಟೆಲ್ ಪ್ರೊಸೆಸರ್‌ಗೆ ಹೋಗುತ್ತವೆ ಅಂತ ಹೇಳಿದರು. ಗುಸುಗುಸು ಮೊದಲೇ ಇತ್ತು, ಆದರೂ ಅಲ್ಲಿ ಕೂತಿದ್ದವರಿಗೆ ನಂಬೋದು ಕಷ್ಟ ಆಯ್ತು. ಯಾಕೆಂದರೆ ಕೆಲವೇ ವರ್ಷ ಹಿಂದೆ ಇದೇ ಆಪಲ್, ಇಂಟೆಲ್‌ನ ಪೆಂಟಿಯಮ್ ಚಿಪ್ಪನ್ನು ಬಸವನಹುಳದ ಬೆನ್ನ ಮೇಲೆ ಕೂರಿಸಿ ಟಿವಿಯಲ್ಲಿ ಜಾಹೀರಾತು ಕೊಟ್ಟಿತ್ತು. ಊರೆಲ್ಲ ಬೈದುಕೊಂಡು ಬಂದ ಮನೆಗೇ ಹೆಣ್ಣು ಕೇಳೋಕೆ ಹೋದ ಹಾಗೆ ಇದು.

ಜಾಬ್ಸ್ ಇನ್ನೂ ಒಂದು ವಿಷಯ ಹೇಳಿದರು. ಮ್ಯಾಕ್ ಓಎಸ್ ಟೆನ್ ಐದು ವರ್ಷಗಳಿಂದ ಗುಟ್ಟಾಗಿ ಎರಡು ಸಂಸಾರ ನಡೆಸುತ್ತಿತ್ತಂತೆ. ಹೊರಗೆ ಪವರ್‌ಪಿಸಿಗೆ ಅಂತ ಬಿಡುಗಡೆಯಾದ ಪ್ರತಿಯೊಂದು ಆವೃತ್ತಿಯನ್ನೂ ಒಳಗೆ ಇಂಟೆಲ್‌ಗೂ ಕಂಪೈಲ್ ಮಾಡಿ ಇಟ್ಟಿದ್ದರಂತೆ. ಅಷ್ಟೇ ಅಲ್ಲ, ಅವತ್ತು ಬೆಳಗ್ಗೆಯಿಂದ ಅವರು ಡೆಮೊ ಕೊಡ್ತಾ ಇದ್ದ ಮಷೀನೇ 3.6 ಗಿಗಾಹರ್ಟ್ಸ್ ಪೆಂಟಿಯಮ್ 4. ನೋಡುತ್ತಾ ಕೂತವರಿಗೆ ವ್ಯತ್ಯಾಸ ಗೊತ್ತಾಗಿರಲಿಲ್ಲ.

ಆಗ ನಾನು ಶಿವಮೊಗ್ಗದಲ್ಲಿ ಬಿಇ ಎರಡನೇ ವರ್ಷ. ಮ್ಯಾಕ್ ಅನ್ನೋದನ್ನು ಫೋಟೋದಲ್ಲಿ ಬಿಟ್ಟರೆ ನೋಡಿರಲಿಲ್ಲ. ಆದರೆ ನಾಲ್ಕನೇ ಸೆಮಿಸ್ಟರಿನ ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಇಂಟೆಲ್ 8086ಕ್ಕೆ ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋದು ನಮ್ಮ ಕರ್ಮ ಆಗಿತ್ತು. 1234 ಅನ್ನೋ ಸಂಖ್ಯೆಯನ್ನು ಮೆಮೊರಿಗೆ ಹಾಕಿದರೆ ಅದು 34, 12 ಅಂತ ಹಿಂದುಮುಂದಾಗಿ ಕೂರುತ್ತಿತ್ತು. ಯಾಕೆ ಸಾರ್ ಅಂದರೆ, "ಇಂಟೆಲ್ ಹಾಗೇ ಇಡೋದು, ಬರ್ಕೊಳ್ಳಿ" ಅಂತಿದ್ದರು ಮೇಷ್ಟ್ರು. ಪವರ್‌ಪಿಸಿಯಲ್ಲಿ ಮ್ಯಾಕ್ ಅದನ್ನೇ ನೇರವಾಗಿ 12, 34 ಅಂತ ಇಡುತ್ತಿತ್ತು. ವಿಳಾಸ ಬರೆಯುವಾಗ ಒಬ್ಬರು ಮನೆ ನಂಬರಿನಿಂದ ಶುರು ಮಾಡಿ ರಾಜ್ಯಕ್ಕೆ ಬರೋದು, ಇನ್ನೊಬ್ಬರು ರಾಜ್ಯದಿಂದ ಶುರು ಮಾಡಿ ಮನೆಗೆ ಬರೋದು, ಅಷ್ಟೇ ವ್ಯತ್ಯಾಸ. ಇಬ್ಬರದ್ದೂ ಸರಿಯೇ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರ ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟರೆ ಕಾಗದ ಸೇರಬೇಕಾದ ಕಡೆ ಸೇರಲ್ಲ.

ಪ್ರೊಸೆಸರ್ ಬದಲಾಯಿಸೋದು ಅಂದರೆ ಇಂಥವು ಸಾವಿರ. ಪ್ರತಿ ಪ್ರೊಸೆಸರ್ ಕುಟುಂಬಕ್ಕೂ ತನ್ನದೇ ಆಜ್ಞೆಗಳ ಪಟ್ಟಿ ಇರುತ್ತೆ, ಅದನ್ನು ಬಿಟ್ಟು ಬೇರೆ ಭಾಷೆ ಅದಕ್ಕೆ ಬರಲ್ಲ. ಬೇರೆ ಕಂಪನಿಯ ಬೇರೆ ಕುಟುಂಬದ ಚಿಪ್ಪು ತಂದು ಕೂರಿಸಿದರೆ ಹಳೆಯ ಒಂದೇ ಒಂದು ಪ್ರೋಗ್ರಾಮೂ ಓಡಲ್ಲ. ಹಾಗಾಗಿ ಆಪಲ್ ಎರಡು ಸೇತುವೆ ಕಟ್ಟಿತು. ಒಂದು, ಎರಡೂ ಪ್ರೊಸೆಸರಿನ ಕೋಡನ್ನು ಒಂದೇ ಗಂಟಿನಲ್ಲಿ ಕಟ್ಟಿಕೊಡುವ 'ಯೂನಿವರ್ಸಲ್ ಬೈನರಿ'. ಇನ್ನೊಂದು ರೊಸೆಟ್ಟಾ. ಹಳೆ ಪ್ರೋಗ್ರಾಂ ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತು ಅನುವಾದ ಮಾಡುತ್ತಾ ಹೋಗುವ ದುಭಾಷಿ. ಸ್ವಲ್ಪ ನಿಧಾನ, ಆದರೆ ಕೆಲಸ ನಡೆಯುತ್ತಿತ್ತು.

ಇಷ್ಟೆಲ್ಲ ತಲೆನೋವು ಯಾಕೆ ಬೇಕಿತ್ತು? ಉತ್ತರ ಲ್ಯಾಪ್‌ಟಾಪಿನಲ್ಲಿದೆ.

2003ರಲ್ಲಿ ಐಬಿಎಂ ತಯಾರಿಸಿದ ಜಿ5 ಪ್ರೊಸೆಸರ್ ಇರುವ ಮ್ಯಾಕ್ ಬಿಡುಗಡೆ ಮಾಡುವಾಗ ಜಾಬ್ಸ್, ಒಂದು ವರ್ಷದೊಳಗೆ 3 ಗಿಗಾಹರ್ಟ್ಸ್ ಮುಟ್ಟುತ್ತೇವೆ ಅಂತ ಮಾತು ಕೊಟ್ಟಿದ್ದರು. ಎರಡು ವರ್ಷವಾದರೂ ಮುಟ್ಟಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬಿಸಿ. ಜಿ5 ಎಷ್ಟು ಕಾಯುತ್ತಿತ್ತು ಅಂದರೆ 2004ರ ದೊಡ್ಡ ಡೆಸ್ಕ್‌ಟಾಪ್ ಮಾದರಿಗೆ ಕಾರಿನ ರೇಡಿಯೇಟರ್ ಥರ ದ್ರವ ಹರಿಸಿ ತಂಪು ಮಾಡಬೇಕಾಯಿತು. ಅಂಥದ್ದನ್ನು ಒಂದು ಇಂಚು ದಪ್ಪದ ಪವರ್‌ಬುಕ್ ಒಳಗೆ ಹೇಗೆ ತುರುಕೋದು? ತುರುಕಲಿಕ್ಕೆ ಆಗಲೇ ಇಲ್ಲ. ಆಪಲ್‌ನ ಲ್ಯಾಪ್‌ಟಾಪುಗಳು ಹಳೆಯ ಜಿ4ರಲ್ಲೇ, 1.67 ಗಿಗಾಹರ್ಟ್ಸ್ ಹತ್ತಿರ ಬಂದು ನಿಂತುಬಿಟ್ಟವು. ಜನ ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ಕೊಳ್ಳೋಕೆ ಶುರು ಮಾಡಿದ್ದ ಕಾಲ ಅದು. ಅವತ್ತು ವೇದಿಕೆ ಮೇಲೆ ಜಾಬ್ಸ್ ಕೊಟ್ಟ ಲೆಕ್ಕ ವೇಗದ್ದಲ್ಲ, ಒಂದು ವ್ಯಾಟ್ ವಿದ್ಯುತ್ತಿಗೆ ಎಷ್ಟು ಕೆಲಸ ಅನ್ನೋದು. ಮುಂದೆ ಬರಲಿರುವ ಚಿಪ್ಪುಗಳಲ್ಲಿ ಪವರ್‌ಪಿಸಿಗೆ 15 ಅಂಕ ಆದರೆ ಇಂಟೆಲ್‌ಗೆ 70 ಅಂತ ತೋರಿಸಿದರು.

ಇಲ್ಲಿಂದ ಮುಂದಿನ ಕಥೆಗಾಗಿಯೇ ನಾನು ಇದನ್ನು ಬರೆಯಲಿಕ್ಕೆ ಕೂತದ್ದು.

ಆ 70 ಅಂಕ ಬಂದದ್ದು ಎಲ್ಲಿಂದ? ಇಂಟೆಲ್‌ನ ಮುಖ್ಯ ಕಚೇರಿಯಿಂದ ಅಲ್ಲ. ಆಗ ಇಂಟೆಲ್ ಕೂಡ ಆಪಲ್ ಸಿಕ್ಕಿಕೊಂಡ ಗುಂಡಿಯಲ್ಲೇ ಇತ್ತು. ಅದರ ಪಟ್ಟದ ಆನೆ ಪೆಂಟಿಯಮ್ 4. ಗಿಗಾಹರ್ಟ್ಸ್ ಏರಿಸುತ್ತಾ ಹೋಗೋದೇ ಪ್ರಗತಿ ಅಂತ ನಂಬಿ ಮಾಡಿದ ಚಿಪ್ಪು. ಗಿಗಾಹರ್ಟ್ಸ್ ಜೊತೆ ಬಿಸಿಯೂ ಏರಿತು. ಕೊನೆಗೆ 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಮ್ 4 ತರುವ ಯೋಜನೆಯನ್ನೇ ಕೈಬಿಡಬೇಕಾಯಿತು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಿಂದ ಸಮುದ್ರ ದಾಟಿ, ಇಸ್ರೇಲಿನ ಹೈಫಾ ಊರಿನಲ್ಲಿ ಇಂಟೆಲ್‌ನದ್ದೇ ಒಂದು ತಂಡ ಬೇರೆ ದಾರಿ ಹಿಡಿದಿತ್ತು. ಅಮೆರಿಕದಿಂದ ಹೊರಗೆ ಇಂಟೆಲ್ ತೆರೆದ ಮೊದಲ ಡಿಸೈನ್ ಕೇಂದ್ರ ಅದು, 1974ರಲ್ಲಿ ಶುರುವಾದದ್ದು. ನಾವು ಲ್ಯಾಬಿನಲ್ಲಿ ಓದಿದ 8086ಕ್ಕೆ ಜೋಡಿಯಾಗಿ ಗಣಿತ ಮಾಡಿಕೊಡುವ 8087 ಅಂತ ಒಂದು ಚಿಪ್ಪು ಇತ್ತಲ್ಲ, ಅದು ಹೈಫಾದ್ದೇ. 2000ದಲ್ಲಿ ಈ ತಂಡ ಕಡಿಮೆ ಬೆಲೆಯ ಕಂಪ್ಯೂಟರಿಗೆ ಅಂತ ಮಾಡುತ್ತಿದ್ದ 'ಟಿಮ್ನಾ' ಅನ್ನೋ ಪ್ರೊಸೆಸರನ್ನು ಕಂಪನಿ ರದ್ದು ಮಾಡಿತು. ಕೆಲಸ ಮುಗಿಯುವ ಹೊತ್ತಿಗೆ ರದ್ದಾಗೋದು ಏನು ಅನ್ನೋದು ನಮ್ಮ ಉದ್ಯೋಗದಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಅವರು ಹಿಡಿದದ್ದು ಲ್ಯಾಪ್‌ಟಾಪ್‌ಗೆ ಅಂತಲೇ ಮೊದಲಿನಿಂದ ಯೋಚಿಸಿ ಮಾಡುವ ಚಿಪ್ಪು. ಗಡಿಯಾರದ ವೇಗ ಕಡಿಮೆ ಇರಲಿ, ಪ್ರತಿ ಬಡಿತಕ್ಕೂ ಹೆಚ್ಚು ಕೆಲಸ ಆಗಲಿ, ಬಳಸದ ಭಾಗ ನಿದ್ದೆ ಮಾಡಲಿ ಅನ್ನೋ ವಿಚಾರ. ಗಿಗಾಹರ್ಟ್ಸ್ ತೋರಿಸಿ ಮಾರುವ ಕಂಪನಿಯಲ್ಲಿ 1.6 ಗಿಗಾಹರ್ಟ್ಸ್ ಚಿಪ್ಪು ತಂದು ಮುಂದಿಡೋದು ಸಣ್ಣ ಧೈರ್ಯ ಅಲ್ಲ. 2003ರಲ್ಲಿ ಅದು ಪೆಂಟಿಯಮ್ ಎಂ ಅನ್ನೋ ಹೆಸರಲ್ಲಿ ಬಂತು. ಆಗಿನ ಲ್ಯಾಪ್‌ಟಾಪುಗಳ ಮೇಲೆ 'ಸೆಂಟ್ರಿನೊ' ಅಂತ ಸ್ಟಿಕ್ಕರ್ ಇರುತ್ತಿತ್ತಲ್ಲ, ಅದರ ಒಳಗಿದ್ದದ್ದು ಇದೇ. ಅದರದ್ದೇ ಮುಂದಿನ ತಲೆಮಾರು ಕೋರ್ ಡ್ಯುಯೊ. 2006ರ ಜನವರಿ 10ರಂದು ಜಾಬ್ಸ್ ಮೊದಲ ಮ್ಯಾಕ್‌ಬುಕ್ ಪ್ರೊ ಎತ್ತಿ ತೋರಿಸಿದಾಗ ಅದರೊಳಗೆ ಇದ್ದದ್ದು ಅದು.

ಇದು ಬದಲಾವಣೆಯ ಒಂದು ಕಾಲು. ಇನ್ನೊಂದು ಕಾಲು ಆಪಲ್ ಒಳಗಿತ್ತು.

ಐದು ವರ್ಷದ ಆ ಗುಟ್ಟಿನ ಸಂಸಾರವನ್ನು ಯಾರು ನಡೆಸುತ್ತಿದ್ದರು ಅಂತ ಅವತ್ತು ವೇದಿಕೆ ಮೇಲೆ ಯಾರೂ ಹೇಳಲಿಲ್ಲ. 2012ರಲ್ಲಿ ಆಪಲ್‌ನ ಒಬ್ಬ ಎಂಜಿನಿಯರ್ ಪತ್ನಿ ಕ್ವೋರಾದಲ್ಲಿ ಆ ಕಥೆ ಬರೆದರು. ಆಕೆ ಬರೆದ ಪ್ರಕಾರ, 2000ದಲ್ಲಿ ಅವರ ಗಂಡ ಆಪಲ್ ಸೇರಿ ಹದಿಮೂರು ವರ್ಷ ಆಗಿತ್ತು. ಮನೆಯಲ್ಲಿ ಒಂದು ವರ್ಷದ ಮಗ. ಅಜ್ಜ ಅಜ್ಜಿ ಇರೋದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ಆಪಲ್ ಇರೋದು ಪಶ್ಚಿಮದಲ್ಲಿ. ಅಪ್ಪ ಅಮ್ಮನ ಹತ್ತಿರ ಇರಬೇಕು ಅಂತ ಗಂಡ ಹೆಂಡತಿಗೆ ಆಸೆ. ದೂರದಿಂದ ಕೆಲಸ ಮಾಡಬೇಕೆಂದರೆ ಯಾವ ತಂಡದ ಕೆಲಸದಲ್ಲೂ ಇರುವಂತಿಲ್ಲ. ಒಬ್ಬನೇ ಕೂತು ಮಾಡುವಂಥದ್ದು, ಯಾರೂ ಕಾಯುತ್ತಿರದೇ ಇರುವಂಥದ್ದು ಬೇಕು. ಅವರು ಯೋಚಿಸಿ ತಮ್ಮ ಬಾಸ್‌ಗೆ ಒಂದು ಮೇಲ್ ಬರೆದರು: ಮ್ಯಾಕ್ ಓಎಸ್ ಟೆನ್‌ನ ಇಂಟೆಲ್ ಆವೃತ್ತಿಯ ಜವಾಬ್ದಾರಿ ನನಗೆ ಕೊಡ್ತೀರಾ ಅಂತ. ಬಾಸ್ ಹೂಂ ಅಂದರು.

ಆಮೇಲೆ ಹದಿನೆಂಟು ತಿಂಗಳು ಯಾರೂ ಏನೂ ಕೇಳಲಿಲ್ಲ. 2001ರ ಡಿಸೆಂಬರಿನಲ್ಲಿ ಬಾಸ್‌ಗೆ ಬಜೆಟ್ ಲೆಕ್ಕ ಬರೆಯಬೇಕಾಗಿ ಬಂತು. ನಿನ್ನ ಸಂಬಳಕ್ಕೆ ಕಾರಣ ಬೇಕು, ಮಾಡ್ತಾ ಇರೋದು ಏನು ತೋರಿಸು ಅಂದರು. ತೋರಿಸಿದರು. ಪರಿಚಯದವರಿಂದ ಕೊಂಡುತಂದ ಸಾಮಾನ್ಯ ಪಿಸಿಯೊಂದರಲ್ಲಿ ಮ್ಯಾಕ್ ಎದ್ದು ಕೂತು ಸ್ವಾಗತ ಹೇಳಿತು. ಬಾಸ್ ಸುಮ್ಮನೆ ಹೊರಗೆ ಹೋಗಿ ಸಾಫ್ಟ್‌ವೇರ್ ವಿಭಾಗದ ದೊಡ್ಡವರಾದ ಬರ್ಟ್ರಾಂಡ್ ಸೆರ್ಲೆ ಅವರನ್ನು ಕರೆದುಕೊಂಡು ಬಂದರು. ಇದನ್ನು ಸೋನಿ ವಾಯೋ ಲ್ಯಾಪ್‌ಟಾಪಿನಲ್ಲಿ ಓಡಿಸೋಕೆ ಎಷ್ಟು ವಾರ ಬೇಕು ಅಂತ ಸೆರ್ಲೆ ಕೇಳಿದರೆ, ವಾರ ಅಲ್ಲ, ಎರಡು ಮೂರು ಗಂಟೆ ಅಂದರಂತೆ. ಅವತ್ತು ಗಂಡನನ್ನು ಕರೆದುಕೊಂಡು ಹೋಗಲಿಕ್ಕೆ ಮಗುವಿನ ಜೊತೆ ಆಫೀಸಿಗೆ ಬಂದಿದ್ದ ಆಕೆಯೂ ಸೇರಿ ಮೂವರೂ ಅಂಗಡಿಗೆ ಹೋಗಿ ವಾಯೋ ತಂದರು. ಸಂಜೆಯೊಳಗೆ ಅದರಲ್ಲಿ ಮ್ಯಾಕ್ ಓಡುತ್ತಿತ್ತು. ಆಮೇಲೆ ಗುಟ್ಟಿನ ಬಾಗಿಲು ಬಿತ್ತು. ಇಷ್ಟು ದಿನ ಗೊತ್ತಿದ್ದದ್ದನ್ನೆಲ್ಲ ಮರೆತುಬಿಡು, ಇನ್ನು ಮುಂದೆ ನಿನ್ನ ಹತ್ತಿರವೂ ಈ ವಿಷಯ ಮಾತಾಡೋ ಹಾಗಿಲ್ಲ ಅಂತ ಗಂಡ ಹೆಂಡತಿಗೆ ಹೇಳಬೇಕಾಯಿತು. ಒಬ್ಬರು ಮಾಡುತ್ತಿದ್ದ ಕೆಲಸಕ್ಕೆ ಇನ್ನಿಬ್ಬರು, ಆಮೇಲೆ ಹತ್ತಾರು ಜನ ಸೇರಿಕೊಂಡರು.

ಈ ಕಥೆಯನ್ನು ಒಬ್ಬನೇ ವೀರ ಕೋಟೆ ಗೆದ್ದ ಥರ ಹೇಳೋದು ಸುಲಭ. ಅದು ಪೂರ್ತಿ ಸರಿಯಲ್ಲ. ಮ್ಯಾಕ್ ಓಎಸ್ ಟೆನ್‌ನ ಬೇರು ಇದ್ದದ್ದು ಜಾಬ್ಸ್ ಆಪಲ್‌ನಿಂದ ಹೊರಗಿದ್ದಾಗ ಕಟ್ಟಿದ ನೆಕ್ಸ್ಟ್ ಕಂಪನಿಯಲ್ಲಿ. ಅವರ ನೆಕ್ಸ್ಟ್‌ಸ್ಟೆಪ್ 1993ರಲ್ಲೇ ಇಂಟೆಲ್ ಮೇಲೆ ಓಡಿತ್ತು. ಅಂದರೆ ದಾರಿ ಮೊದಲೇ ಇತ್ತು. ಆದರೆ ನಮ್ಮ ಮಲೆನಾಡಿನವರನ್ನು ಕೇಳಿ. ದಾರಿ ಇರೋದು ಬೇರೆ, ದಾರಿ ಉಳಿಯೋದು ಬೇರೆ. ಗುಡ್ಡದ ಆಚೆ ಮನೆಗೆ ಹೋಗುವ ಕಾಲುದಾರಿಯಲ್ಲಿ ಒಂದು ಮಳೆಗಾಲ ಯಾರೂ ಓಡಾಡಲಿಲ್ಲ ಅಂದರೆ ಸಾಕು, ಮುಳ್ಳು ಕಂಟಿ ಬೆಳೆದು ದಾರಿ ಎಲ್ಲಿತ್ತು ಅಂತಲೇ ಗೊತ್ತಾಗಲ್ಲ. ದಿನಕ್ಕೆ ಒಬ್ಬರಾದರೂ ನಡೀಬೇಕು. ಆ ಎಂಜಿನಿಯರ್ ಮಾಡಿದ್ದು ಅದನ್ನು. ಆ ದಾರಿಯಲ್ಲಿ ಹೋಗುವ ಅಗತ್ಯ ಯಾರಿಗೂ ಕಾಣದಿದ್ದಾಗ ಅವರು ದಿನಾ ನಡೆದರು. ಮುಖ್ಯರಸ್ತೆ ಕುಸಿದ ದಿನ ಇಡೀ ಕಂಪನಿ ಅದೇ ದಾರಿಯಲ್ಲಿ ದಾಟಿತು. 2007ರ ಕೊನೆಯೊಳಗೆ ಮುಗಿಸ್ತೀವಿ ಅಂದಿದ್ದ ಬದಲಾವಣೆ 2006ರ ಆಗಸ್ಟಿಗೇ ಮುಗಿಯಿತು.

ಈಗ ನನ್ನ ವಿಷಯ. ನನ್ನ ಊರು ಸಾಗರದಿಂದ ಹದಿನೆಂಟು ಕಿಲೋಮೀಟರ್ ಒಳಗೆ. 2020ರ ಮಾರ್ಚಿನಲ್ಲಿ ಎಲ್ಲರ ಹಾಗೆ ನಾನೂ ಹೆಂಡತಿ ಮಗಳ ಜೊತೆ ಎರಡು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದೆ. ಮೊದಲ ವರ್ಷ ಗುಡ್ಡದ ಮೇಲಿನ ಗೇರುಮರದ ಬುಡವೇ ನನ್ನ ಆಫೀಸು, ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಆಮೇಲೆ ಪೇಟೆಯ ಕೇಬಲ್‌ನವರು ಬಿಎಸ್‌ಎನ್‌ಎಲ್ ಫೈಬರ್ ಎಳೆದುಕೊಟ್ಟರು. ಉಳಿದದ್ದು ಕರೆಂಟಿನ ಸಮಸ್ಯೆ. ನಮ್ಮ ಕಡೆ ಜುಲೈ ತಿಂಗಳು ಅಂದರೆ ಲೈನಿನ ಮೇಲೆ ಮರ ಬಿದ್ದಿದೆ ಅಂತಲೇ ಅರ್ಥ. ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ಗಂಟೆಗೆ ಕಣ್ಣು ಮುಚ್ಚುತ್ತಿತ್ತು. ಬಿಲ್ಡ್ ಓಡಿಸಿದರೆ ಫ್ಯಾನ್ ಶಬ್ದಕ್ಕೆ ಅಪ್ಪಯ್ಯ ಜಗಲಿಯಿಂದ, "ಎಂತದೋ ಅದು, ಪಂಪ್‌ಸೆಟ್ ಇಟ್ಕೊಂಡಿದೀಯಾ ಒಳಗೆ?" ಅಂತ ಕೇಳ್ತಿದ್ದರು.

2022ರಲ್ಲಿ ಆಫೀಸಿನಿಂದ ಹೊಸ ಮ್ಯಾಕ್‌ಬುಕ್ ಏರ್ ಬಂತು, ಎಂ1 ಚಿಪ್ಪಿನದ್ದು. ಹೌದು, ಅಷ್ಟರಲ್ಲಿ ಆಪಲ್ ಇಂಟೆಲ್ ಮನೆಯನ್ನೂ ಬಿಟ್ಟಾಗಿತ್ತು. 2020ರ ಜೂನಿನಲ್ಲಿ ಘೋಷಣೆ, ನವೆಂಬರಿನಲ್ಲಿ ತಾನೇ ವಿನ್ಯಾಸ ಮಾಡಿದ ಚಿಪ್ಪಿನ ಲ್ಯಾಪ್‌ಟಾಪು. ಕಾರಣ ಮತ್ತೆ ಅದೇ, ವ್ಯಾಟಿಗೆ ಎಷ್ಟು ಕೆಲಸ. ಸೇತುವೆಯ ಹೆಸರೂ ಅದೇ, ರೊಸೆಟ್ಟಾ 2. ಆಪಲ್‌ನ ಚಿಪ್ಪು ತಂಡದ ಮುಖ್ಯಸ್ಥ ಜಾನಿ ಸ್ರೌಜಿ ಹುಟ್ಟಿದ್ದು, ಓದಿದ್ದು ಹೈಫಾದಲ್ಲಿ, ಹಿಂದೆ ಕೆಲಸ ಮಾಡಿದ್ದು ಇಸ್ರೇಲಿನ ಇಂಟೆಲ್‌ನಲ್ಲಿ ಅಂತ ಓದಿದಾಗ ನನಗೆ ನಗು ಬಂತು. ಹೆಣ್ಣು ಕೊಟ್ಟ ಮನೆಯಿಂದಲೇ ಅಡುಗೆಯನ್ನೂ ಕಲಿತು ಬಂದ ಹಾಗೆ.

ವ್ಯಾಟಿಗೆ ಎಷ್ಟು ಕೆಲಸ ಅನ್ನೋದು ಬೆಂಗಳೂರಿನ ಎಸಿ ಕೋಣೆಯಲ್ಲಿ ಒಂದು ಗ್ರಾಫು. ನಮ್ಮೂರಲ್ಲಿ ಅದು ಬೆಳಗ್ಗೆ ಹೋದ ಕರೆಂಟು ಸಂಜೆಯಾದರೂ ಬರದಿದ್ದ ದಿನ ಪೂರ್ತಿ ಕೆಲಸ ಮುಗಿಸೋದು. ಇನ್ವರ್ಟರಿನಲ್ಲಿ ಉಳಿದದ್ದು ಫೈಬರ್ ಡಬ್ಬಿಗೆ ಸಾಕು, ಲ್ಯಾಪ್‌ಟಾಪಿಗೆ ಬೇಕೇ ಆಗಲ್ಲ. ಏರ್‌ನಲ್ಲಿ ಫ್ಯಾನೇ ಇಲ್ಲ. ಅಪ್ಪಯ್ಯ ಎರಡು ಸಲ ಬಂದು ಇಣುಕಿ, "ಇದು ಓಡ್ತಾ ಉಂಟೋ ಇಲ್ವೋ?" ಅಂತ ಕೇಳಿದರು.

ಅಪ್ಪಯ್ಯನಿಗೆ ಎಪ್ಪತ್ತನಾಲ್ಕು. ಈಗಲೂ ದಿನಾ ತೋಟಕ್ಕೆ ಇಳಿಯುತ್ತಾರೆ, ಆದರೆ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಮಳೆ ಹೊಳವಾದ ದಿನ ನೋಡಿ ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕು. ಕೊನೆಗಾರ ಸಿಗೋದೇ ಕಷ್ಟ, ಸಿಕ್ಕಿದ ದಿನ ಮೈಲುತುತ್ತ ಸುಣ್ಣ ಕಲಸಿ ಕೊಡೋಕೆ ಮನೆಯವರೊಬ್ಬರು ಬೇಕು. ನಾನು ಇದ್ದರೆ ಮಾಡ್ತೀನಿ. ಇಲ್ಲದಿದ್ದರೆ ಅವರೇ ಮಾಡ್ತಾರೆ, ಬೇಡ ಅಂದರೂ ಕೇಳಲ್ಲ. ಹಾಗಂತ ಮನೆಯಲ್ಲಿ ಎಲ್ಲರಿಗೂ ಊರೇ ಬೇಕು ಅಂತಲ್ಲ. ಮಗಳಿಗೆ ಮುಂದಿನ ವರ್ಷ ಒಂದನೇ ಕ್ಲಾಸು. ಊರಿನ ಶಾಲೆಯಲ್ಲಿ ಇರೋದು ಹನ್ನೊಂದು ಮಕ್ಕಳು. ನನ್ನ ಹೆಂಡತಿ ಕೇಳೋದರಲ್ಲಿ ನ್ಯಾಯ ಇದೆ: "ನೀವು ಇಲ್ಲಿ ಓದಿ ಹೊರಗೆ ಹೋದ್ರಿ. ಇವಳು ಹೊರಗೆ ಓದೋದು ಬೇಡ್ವಾ?" ನಾನಿನ್ನೂ ಇದಕ್ಕೆ ಉತ್ತರ ಕೊಟ್ಟಿಲ್ಲ.

ಈ ವರ್ಷದ ಶುರುವಿನಲ್ಲಿ ಆಫೀಸಿನಿಂದ ಮೇಲ್ ಬಂತು, ವಾರಕ್ಕೆ ಮೂರು ದಿನ ಕಡ್ಡಾಯ ಹಾಜರಿ. ಓದುತ್ತಿರುವ ನಿಮಗೂ ಇಂಥದ್ದೊಂದು ಬಂದಿರುತ್ತೆ ಬಿಡಿ. ಮ್ಯಾನೇಜರಿಗೆ ಕಾಲ್ ಮಾಡಿದೆ. ಅವರು ಕೆಟ್ಟವರಲ್ಲ.

"ನಿನ್ನ ಕೆಲಸದ ಬಗ್ಗೆ ಯಾರದ್ದೂ ಕಂಪ್ಲೇಂಟ್ ಇಲ್ಲ ಮಾರಾಯ. ಆದ್ರೆ ಪೂರ್ತಿ ರಿಮೋಟ್ ಬೇಕು ಅಂದ್ರೆ ಕೋರ್ ಟೀಮಲ್ಲಿ ಇಟ್ಕೊಳ್ಳೋಕೆ ಆಗಲ್ಲ."

"ಮತ್ತೆ ಎಲ್ಲಿ ಸಾರ್?"

"ಏನಾದ್ರೂ ಸೈಡ್ ಕೆಲಸ ಹುಡುಕೋಣ. ಬಟ್ ಪ್ರಮೋಷನ್ ಟೈಮಲ್ಲಿ ನನ್ನನ್ನ ಕೇಳಬೇಡ."

ಎರಡು ದಿನ ಬಿಟ್ಟು ನಾನೇ ಮೇಲ್ ಬರೆದೆ. ನಮ್ಮ ತಂಡದ ಎಲ್ಲ ಸರ್ವರ್‌ಗಳೂ ಇಂಟೆಲ್ ಜಾತಿಯ ಪ್ರೊಸೆಸರ್ ಮೇಲೆ ಓಡುತ್ತವೆ. ಅಮೆಜಾನ್ ಕ್ಲೌಡಿನಲ್ಲಿ ಈಗ ಗ್ರಾವಿಟಾನ್ ಅಂತ ಅವರದ್ದೇ ಆರ್ಮ್ ಪ್ರೊಸೆಸರ್ ಇದೆ, ಬಾಡಿಗೆ ಕಡಿಮೆ. ಹೋದರೆ ಒಳ್ಳೇದು ಅಂತ ಎಲ್ಲರೂ ಮೀಟಿಂಗಿನಲ್ಲಿ ತಲೆ ಆಡಿಸುತ್ತಾರೆ. ಮಾಡೋಕೆ ಯಾರೂ ಮುಂದೆ ಬರಲ್ಲ. ಯಾಕೆಂದರೆ ಅದರಲ್ಲಿ ತೋರಿಸೋಕೆ ಏನೂ ಇಲ್ಲ. ಎಲ್ಲ ಸರಿಯಾದರೆ ಹೊರಗಿನಿಂದ ನೋಡೋರಿಗೆ ಏನೂ ಬದಲಾಗಿರಲ್ಲ. ಒಂದೊಂದು ಲೈಬ್ರರಿ, ಒಂದೊಂದು ಬಿಲ್ಡ್ ಸ್ಕ್ರಿಪ್ಟ್ ತೆಗೆದು, ಯಾವನೋ ಆರು ವರ್ಷ ಹಿಂದೆ ಇಂಟೆಲ್‌ಗೆ ಮಾತ್ರ ಅಂತ ಬರೆದು ಕೆಲಸ ಬಿಟ್ಟುಹೋದದ್ದನ್ನು ಹುಡುಕಿ ಸರಿಮಾಡುವ ಕೆಲಸ. ನನ್ನ ಎಂ1 ಕೂಡ ಆರ್ಮ್ ಜಾತಿಯದ್ದೇ ಆದ್ದರಿಂದ ಆ ತಕರಾರುಗಳು ನನಗೆ ದಿನಾ ಮನೆಯಲ್ಲೇ ಸಿಗುತ್ತಿದ್ದವು. 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅಂತ ಒಂದು ಸಾಲು ಬಂದರೆ ಬೇರೆಯವರಿಗೆ ಕಿರಿಕಿರಿ. ಅದನ್ನೇ ನನಗೆ ಕೆಲಸವಾಗಿ ಕೊಡಿ ಅಂತ ಕೇಳಿದೆ.

ಕೊಟ್ಟರು. ಆರು ತಿಂಗಳು ಅಂತ. ಪ್ರತಿ ಶುಕ್ರವಾರ ವರದಿ ಬೇರೆ.

ಆ ಅಮೆರಿಕದ ಎಂಜಿನಿಯರ್‌ಗೂ ನನಗೂ ಹೋಲಿಕೆ ಇದೆ ಅಂತ ನಾನು ಹೇಳುತ್ತಿಲ್ಲ. ಅವರು ಒಂದು ಆಪರೇಟಿಂಗ್ ಸಿಸ್ಟಮ್ ದಾಟಿಸಿದರು, ನಾನು ಮೂವತ್ತೆಂಟು ಸರ್ವಿಸ್ ದಾಟಿಸಬೇಕು, ಈವರೆಗೆ ದಾಟಿದ್ದು ಇಪ್ಪತ್ತೆರಡು. ಹೋಲಿಸಬೇಕಾದ್ದು ಅವರಿಗೆ ಸಿಕ್ಕಿದ್ದನ್ನೂ ನಮಗೆ ಸಿಗೋದನ್ನೂ. ಅವರ ಹಿಂದೆ ಹದಿಮೂರು ವರ್ಷದ ಸರ್ವಿಸ್ ಇತ್ತು. ಹದಿನೆಂಟು ತಿಂಗಳು ಸುಮ್ಮನಿರಬಲ್ಲ ಬಾಸ್ ಇದ್ದರು. ಆ ಹದಿನೆಂಟು ತಿಂಗಳಲ್ಲಿ ಮೂರನೇ ತಿಂಗಳಿಗೇ ಯಾರಾದರೂ ಇದರಿಂದ ಕಂಪನಿಗೆ ಏನು ಲಾಭ ಅಂತ ಕೇಳಿದ್ದರೆ ಏನು ಹೇಳಬಹುದಿತ್ತು? 2000ದಲ್ಲಿ ಆಪಲ್‌ಗೆ ಇಂಟೆಲ್ ಬೇಕಿರಲಿಲ್ಲ. ಪ್ರಾಮಾಣಿಕವಾದ ಉತ್ತರ 'ಸದ್ಯಕ್ಕೆ ಏನೂ ಇಲ್ಲ' ಅನ್ನೋದೇ.

ಹೈಫಾದವರದ್ದೂ ಅದೇ. ದೂರ ಇದ್ದದ್ದು ಅವರಿಗೆ ತೊಂದರೆಯೂ ಹೌದು, ಅನುಕೂಲವೂ ಹೌದು. ಮುಖ್ಯ ಕಚೇರಿಯಲ್ಲಿ ಎಲ್ಲರೂ ನಂಬಿದ್ದನ್ನು ಅವರು ದಿನಾ ಕಾಫಿ ಮಷೀನ್ ಹತ್ತಿರ ಕೇಳಿ ನಂಬಬೇಕಾಗಿರಲಿಲ್ಲ. ಎಲ್ಲರೂ ಒಂದೇ ಕಟ್ಟಡದಲ್ಲಿ ಕೂತರೆ ನಿರ್ಧಾರ ಬೇಗ ಆಗುತ್ತೆ, ನಿಜ. ತಪ್ಪು ನಿರ್ಧಾರಕ್ಕೂ ಅಷ್ಟೇ ಬೇಗ ಎಲ್ಲರೂ ಒಪ್ಪುತ್ತಾರೆ.

ಇದರ ಅರ್ಥ ಎಲ್ಲರೂ ಊರಿಗೆ ಹೋಗಿ ಅಂತಲ್ಲ. ಆ ಇಂಟೆಲ್ ಮ್ಯಾಕ್ ಗಂಭೀರವಾದ ಮೇಲೆ ಜನ ಬೇಕಾಯಿತು, ತಂಡ ಬೇಕಾಯಿತು, ಬೀಗ ಹಾಕಿದ ಕೋಣೆ ಬೇಕಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಪಕ್ಕದ ಸೀಟಿನವರ ಸ್ಕ್ರೀನ್ ನೋಡಿ ಕಲಿಯುವುದನ್ನು ಕಾಲ್‌ನಲ್ಲಿ ಕಲಿಸೋಕಾಗಲ್ಲ, ನಾನೂ ಹಾಗೆ ಕಲಿತವನೇ. ಬದಲಾವಣೆಯಿಂದ ಎಲ್ಲರಿಗೂ ಒಳ್ಳೆಯದೇ ಆಯಿತು ಅಂತಲೂ ಅಲ್ಲ. 2005ರಲ್ಲಿ ಸಾಲ ಮಾಡಿ ಜಿ5 ಮ್ಯಾಕ್ ಕೊಂಡವರಿಗೆ 2009ರಲ್ಲಿ ಬಂದ ಹೊಸ ಓಎಸ್ ಸಿಗಲಿಲ್ಲ. 2011ರಲ್ಲಿ ದುಭಾಷಿ ರೊಸೆಟ್ಟಾವನ್ನೂ ಮನೆಗೆ ಕಳಿಸಿದರು, ಎಷ್ಟೋ ಹಳೆ ಪ್ರೋಗ್ರಾಂಗಳು ಅಂದಿಗೆ ಬಾಯಿ ಮುಚ್ಚಿದವು. ಸೇತುವೆ ಅನ್ನೋದು ದಾಟೋದಕ್ಕೆ ಮಾತ್ರ, ಅದರ ಮೇಲೆ ಮನೆ ಕಟ್ಟಿಕೊಂಡಿರೋಕಾಗಲ್ಲ ಅಂತ ನನಗೂ ಗೊತ್ತು. ಮನೆಯಿಂದ ಕೆಲಸ ಅನ್ನೋದೂ ಅಂಥದ್ದೇ ಒಂದು ಸೇತುವೆ ಇರಬಹುದು.

ಆದರೆ 'ರಿಮೋಟ್ ಇರೋರಿಗೆ ಕೋರ್ ಕೆಲಸ ಇಲ್ಲ' ಅನ್ನೋ ಮಾತನ್ನು ಮಾತ್ರ ಒಪ್ಪೋಕೆ ಆಗುತ್ತಿಲ್ಲ. ಯಾವುದು ಕೋರ್ ಅಂತ ಮೊದಲೇ ಯಾರಿಗೆ ಗೊತ್ತಿರುತ್ತೆ? ಆಪಲ್‌ನ ಲ್ಯಾಪ್‌ಟಾಪನ್ನು ಉಳಿಸಿದ್ದು ಎರಡು ಸೈಡ್ ಕೆಲಸಗಳು. ಒಂದು ಸಮುದ್ರದಾಚೆ, ಯೋಜನೆ ರದ್ದಾಗಿ ಕೂತಿದ್ದ ತಂಡದ್ದು. ಇನ್ನೊಂದು, ಮಗು ಅಜ್ಜ ಅಜ್ಜಿಯ ಹತ್ತಿರ ಬೆಳೆಯಲಿ ಅಂತ ಆಸೆಪಟ್ಟ ಒಬ್ಬ ಅಪ್ಪನದ್ದು.

ಇದನ್ನು ಓದುವ ಮ್ಯಾನೇಜರುಗಳು ಇದ್ದರೆ ಒಂದು ಮಾತು. ನಿಮ್ಮ ತಂಡದಲ್ಲೂ ದೂರದ ಊರಿನಲ್ಲಿ ಕೂತು, ಯಾರಿಗೂ ಬೇಡದ ದಾರಿಯಲ್ಲಿ ದಿನಾ ಓಡಾಡುತ್ತಿರುವವರು ಒಬ್ಬರಾದರೂ ಇರುತ್ತಾರೆ. ಬಜೆಟ್ ಬರೆಯುವ ದಿನ ಖಂಡಿತ ಕೇಳಿ, ಏನು ಮಾಡ್ತಾ ಇದ್ದೀಯಾ ಅಂತ. ಕೇಳೋದು ನಿಮ್ಮ ಧರ್ಮ. ಆದರೆ ಆ ಬಾಸ್ ಕೇಳಿದ ಹಾಗೆ, ಹೋಗಿ ನೋಡಿ ಕೇಳಿ. ನಮ್ಮೂರಿಗೆ ಬರೋದಾದರೆ ಮಾತ್ರ ಜುಲೈ ಬಿಟ್ಟು ಬನ್ನಿ.